ಪ್ಲಗ್ ಕೈಯಲ್ಲಿತ್ತು, ಮೀಟರ್ 430 ತೋರಿಸುತ್ತಿತ್ತು

ಕಾಕಾನ ಟ್ರಾನ್ಸ್‌ಮಿಟರ್ ನಮ್ಮ ಮಾಳಮಡ್ಡಿ ಮನೆಯ ಅಟ್ಟದಲ್ಲಿ ಹಳೆ ಕೌದಿ ಹೊದ್ದು ಹದಿನೆಂಟು ವರ್ಷ ಕೂತಿತ್ತು. ಇಳಿಸೋಕೆ ಇಬ್ಬರು ಬೇಕಾಯಿತು. ಧಾರವಾಡದಲ್ಲಿ ಬೆಳೆದವರಿಗೆ ಟ್ರಾನ್ಸ್‌ಮಿಟರ್ ಅಂದ್ರೆ ಆಕಾಶವಾಣಿ, 765 ಕಿಲೋಹರ್ಟ್ಜ್. ಇದು ಅಷ್ಟು ದೊಡ್ಡದಲ್ಲ. ಕಾಕಾ ತಾನೇ ಕಟ್ಟಿದ ಹ್ಯಾಮ್ (ಹವ್ಯಾಸಿ ರೇಡಿಯೋ) ಸೆಟ್ಟು: ಸಿಗ್ನಲ್ ಹುಟ್ಟಿಸೋಕೆ ಒಂದು 6ವಿ6 ವಾಲ್ವಿನ ಆಸಿಲೇಟರ್, ಅದರ ಮುಂದೆ ಆ ಸಿಗ್ನಲ್ಲಿಗೆ ಬಲ ಕೊಡೋಕೆ ಒಂದು 807 ವಾಲ್ವ್. 40 ಮೀಟರ್ ಬ್ಯಾಂಡು, ಮೋರ್ಸ್ ಮಾತ್ರ.

"ಹಚ್ಚಿ ನೋಡೂಣೇನು?" ಅಂತ ತಮ್ಮ ಪ್ಲಗ್ಗನ್ನು ಗೋಡೆ ಹತ್ತಿರ ಒಯ್ದೇ ಬಿಟ್ಟಿದ್ದ. ಕಸಿದುಕೊಂಡೆ. ಹಳೆ ಸೆಟ್ಟುಗಳು ಸಾಯೋದು ಹೆಚ್ಚಾಗಿ ಈ ಉತ್ಸಾಹದಿಂದಲೇ.

ಮೊದಲೆರಡು ದಿನ ಬರೀ ಬ್ರಷ್ಷು, ಟಾರ್ಚು, ಕಣ್ಣು. ಜಿರಲೆ ಮೊಟ್ಟೆ ಬಿಟ್ಟರೆ ಒಳಗೆ ಅಷ್ಟೇನೂ ಹಾಳಾಗಿರಲಿಲ್ಲ. ಕರೆಂಟಿನ ವೈರಿನ ರಬ್ಬರ್ ಮಾತ್ರ ಬಗ್ಗಿಸಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಅದೂ ಎರಡು ಪಿನ್ನಿನದ್ದು, ಅರ್ಥಿಂಗ್ ಇಲ್ಲ. ಕಿತ್ತು ಹಾಕಿ ಮೂರು ಎಳೆಯ ವೈರು, ಫ್ಯೂಸು ಹಾಕಿದೆ. ಅರ್ಥ್ ವೈರನ್ನು ಚಾಸಿಗೆ, ಅಂದ್ರೆ ಸೆಟ್ಟಿನ ಲೋಹದ ಚೌಕಟ್ಟಿಗೆ, ಬೋಲ್ಟು ಬಿಗಿದೆ.

ಆಮೇಲೆ ಸೀರೀಸ್ ಬೋರ್ಡು. ಸೆಟ್ಟಿಗೆ ಹೋಗೋ ಕರೆಂಟಿನ ದಾರಿಯಲ್ಲಿ ಒಂದು 100 ವ್ಯಾಟಿನ ಹಳೆ ಬಲ್ಬು, ಎಲ್‌ಇಡಿ ನಡೆಯಲ್ಲ. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತೆ, ಟ್ರಾನ್ಸ್‌ಫಾರ್ಮರ್ ಉಳಿಯುತ್ತೆ. 807 ಮತ್ತು 6ವಿ6 ಎರಡನ್ನೂ ತೆಗೆದಿಟ್ಟು, ಎಸಿಯನ್ನು ಡಿಸಿ ಮಾಡೋ ರೆಕ್ಟಿಫೈಯರ್ ವಾಲ್ವ್ ಒಂದನ್ನೇ ಬಿಟ್ಟು ಹಚ್ಚಿದೆ. ಬಲ್ಬು ಒಮ್ಮೆ ಬೆಳಗಿ ಮಂಕಾಯಿತು. ಹೊಗೆ ಇಲ್ಲ, ವಾಸನೆ ಇಲ್ಲ. ಆರಿಸಿದೆ. ಪ್ಲಗ್ ಕಿತ್ತೆ. ಒಳಗಿನ ಕಂಡೆನ್ಸರ್‌ಗಳು ಹಿಡಿದಿಟ್ಟ ಚಾರ್ಜು ಖಾಲಿಯಾಗಲಿ ಅಂತ ಗಡಿಯಾರ ನೋಡಿ ಒಂದು ನಿಮಿಷ ಕಾದೆ.

ಕಾಕಾ ಹೇಳುತ್ತಿದ್ದ, "ಒಂದ್ ಕೈ ಕಿಸೇದಾಗಿರ್ಲಿ, ಇನ್ನೊಂದ್ ಕೈಯಾಗ ಬುದ್ಧಿ ಇರ್ಲಿ." ಎರಡೂ ಕೈ ಒಳಗೆ ಹಾಕಿದರೆ ಶಾಕ್ ಎದೆ ಮೂಲಕವೇ ದಾಟಿ ಹೋಗುತ್ತೆ ಅಂತ. ಹಾಗಾಗಿ ಕಪ್ಪು ಲೀಡನ್ನು ಚಾಸಿಗೆ ಕ್ಲಿಪ್ ಮಾಡಿ, ಬಲಗೈಯಲ್ಲಿ ಮೀಟರಿನ ಕೆಂಪು ಲೀಡು ಹಿಡಿದು ಕಂಡೆನ್ಸರಿಗೆ ಮುಟ್ಟಿಸಿದೆ.

430 ವೋಲ್ಟ್!

ಪ್ಲಗ್ಗಿನ ಕಡೆ ನೋಡಿದೆ. ನನ್ನ ಮೊಣಕಾಲ ಮೇಲೇ ಬಿದ್ದಿದೆ. ಅದನ್ನು ಎಡಗೈಯಲ್ಲಿ ಎತ್ತಿ ಹಿಡಿದುಕೊಂಡೆ, ಯಾಕೋ ಗೊತ್ತಿಲ್ಲ. ಮೀಟರು ಮೆಲ್ಲಗೆ 429, 428 ಅಂತ ಇಳಿಯುತ್ತಿತ್ತು.

ಆಗಿದ್ದು ಇಷ್ಟು. 32 ಮೈಕ್ರೋಫ್ಯಾರಡ್, 450 ವೋಲ್ಟಿನ ಎರಡು ಕಂಡೆನ್ಸರ್‌ಗಳನ್ನು ಕಾಕಾ ಸೀರೀಸಲ್ಲಿ ಹಾಕಿದ್ದ. 600 ವೋಲ್ಟನ್ನು ಇಬ್ಬರೂ ಸಮ ಹಂಚಿಕೊಳ್ಳಲಿ, ಆರಿಸಿದ ಮೇಲೆ ಖಾಲಿಯೂ ಆಗಲಿ ಅಂತ ಪ್ರತಿಯೊಂದಕ್ಕೂ 47 ಕಿಲೋ ಓಮಿನ ಒಂದು ರೆಸಿಸ್ಟರ್. ಮೇಲಿನದರ ರೆಸಿಸ್ಟರ್ ಒಳಗೇ ತುಂಡಾಗಿತ್ತು. ಹೊರಗಿನಿಂದ ನೋಡಿದರೆ ಬಣ್ಣ ಕೂಡ ಮಾಸಿಲ್ಲ. ಹಾಗಾಗಿ ಕೆಳಗಿನ ಕಂಡೆನ್ಸರ್ ಖಾಲಿಯಾಗುತ್ತಿತ್ತು, ಹೊರೆಯೆಲ್ಲ ಮೇಲಿನದರ ಮೇಲೆ. ಅದರ ತಲೆ ಆಗಲೇ ಸ್ವಲ್ಪ ಉಬ್ಬಿತ್ತು. ಸೀರೀಸ್ ಬಲ್ಬು ವೋಲ್ಟೇಜ್ ತಗ್ಗಿಸದೆ ಹೋಗಿದ್ದರೆ 600ರ ಹತ್ತಿರ ಪೂರ್ತಿ ಅದೊಂದೇ ಹೊತ್ತು ಸಿಡಿಯುತ್ತಿತ್ತೋ ಏನೋ.

ಖಾಲಿ ಮಾಡೋಕೆ ಸ್ಕ್ರೂಡ್ರೈವರ್ ಅಡ್ಡ ಹಿಡಿಯೋರನ್ನು ನೋಡಿದ್ದೀನಿ. ಬೇಡ್ರಿ. ತುದಿ ಕರಗುತ್ತೆ, ಕಿಡಿ ಕಣ್ಣಿಗೆ ಹಾರುತ್ತೆ. ನಾನು ಒಂದು ಮೊಳ ಪಿವಿಸಿ ಪೈಪಿನ ತುದಿಗೆ ತಾಮ್ರದ ಕೊಕ್ಕೆ ಕಟ್ಟಿದ್ದೀನಿ. ಕೊಕ್ಕೆಯಿಂದ 1 ಕಿಲೋ ಓಮ್, 10 ವ್ಯಾಟಿನ ರೆಸಿಸ್ಟರ್ ದಾಟಿ ಚಾಸಿಗೆ ವೈರು. ಮೊದಲು ಅದು, ಆಮೇಲೆ ಮೀಟರು, ಕೊನೆಗೆ ನೇರ ಚಾಸಿಗೆ ಒಂದು ಕ್ಲಿಪ್ಪು. ಕೆಲಸ ಮುಗಿಯೋವರೆಗೂ ಆ ಕ್ಲಿಪ್ ತೆಗೆಯಲ್ಲ.

ಹೊಸ ಕಂಡೆನ್ಸರ್‌ಗೆ ಹುಬ್ಬಳ್ಳಿಗೆ ಹೋದೆ. "450 ವೋಲ್ಟೇನ್ರಿ? 50 ಅಲ್ಲಲಾ?" ಅಂತ ಅಂಗಡಿಯವರು ಎರಡು ಸಲ ಕೇಳಿದರು. ಈ ಸಲ ಪ್ರತಿ ಕಂಡೆನ್ಸರಿಗೆ 100 ಕಿಲೋ ಓಮಿನ ಎರಡೆರಡು ರೆಸಿಸ್ಟರ್ ಪಕ್ಕಪಕ್ಕ ಹಾಕಿದೆ. ಒಂದು ಸತ್ತರೂ ಇನ್ನೊಂದು ಖಾಲಿ ಮಾಡುತ್ತೆ.

ಇಷ್ಟೆಲ್ಲ ಜಾಗ್ರತೆ ಮಾಡಿ ಆಮೇಲೆ ಎಡವಿದ್ದು ಸಣ್ಣದರಲ್ಲಿ. ವಾಲ್ವ್ ಹಾಕಿ, ಆಂಟೆನಾ ಬದಲು ಸಿಗ್ನಲ್ ಗಾಳಿಗೆ ಬಿಡದೆ ನುಂಗೋ 50 ಓಮಿನ ಡಮ್ಮಿ ಲೋಡ್ ಜೋಡಿಸಿ, ಸೀದಾ 807ರ ಪ್ಲೇಟಿಗೆ (ವಾಲ್ವಿನೊಳಗಿನ ತಗಡಿಗೆ) ವೋಲ್ಟೇಜ್ ಕೊಟ್ಟು ಮೋರ್ಸ್ ಕೀ ಒತ್ತಿದೆ. 807ರ ಪ್ಲೇಟು ನೋಡನೋಡುತ್ತ ಕೆಂಪಗಾಯಿತು, ಕುಲುಮೆಯಲ್ಲಿಟ್ಟ ಕುಡದ ಹಾಗೆ. ಎರಡೇ ಸೆಕೆಂಡು, ಕೈ ಬಿಟ್ಟೆ. 807ರೊಳಗೆ ಸಿಗ್ನಲ್ ಹೋಗೋ ಗ್ರಿಡ್ಡಿನ ಮೀಟರು ಸೊನ್ನೆಯಲ್ಲಿತ್ತು. ಅಂದ್ರೆ ಆಸಿಲೇಟರೇ ಎದ್ದಿರಲಿಲ್ಲ. ಈ ಸರ್ಕೀಟಿನಲ್ಲಿ 807ಕ್ಕೆ ಲಗಾಮು ಹಾಕೋದೇ ಆಸಿಲೇಟರಿನಿಂದ ಬರೋ ಸಿಗ್ನಲ್ಲು. ಅದಿಲ್ಲದಿದ್ದರೆ ಬಿಟ್ಟ ಹೋರಿ. ಆಸಿಲೇಟರಿನ ಫ್ರೀಕ್ವೆನ್ಸಿ ಹಿಡಿಯೋ ಕ್ರಿಸ್ಟಲ್ಲಿನ ಪಿನ್ನಿಗೆ ಕಿಲುಬು ಹಿಡಿದಿತ್ತು, ಅಷ್ಟೇ. ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಚ್ಚಿ ಉಜ್ಜಿದೆ. ಪ್ಲೇಟ್ ವೋಲ್ಟೇಜ್ ಕೊಡದೆ ಕೀ ಒತ್ತಿದೆ, ಗ್ರಿಡ್ಡಿನಲ್ಲಿ 3 ಮಿಲಿಆಂಪ್ ಬಂತು. ಆಮೇಲೇ ಪ್ಲೇಟು. ಟ್ಯೂನಿಂಗ್ ಕಂಡೆನ್ಸರ್ ತಿರುಗಿಸಿದ ಹಾಗೆ ಪ್ಲೇಟ್ ಕರೆಂಟಿನ ಮುಳ್ಳು ಒಂದು ಜಾಗದಲ್ಲಿ ಗಬಕ್ಕನೆ ಕೆಳಗಿಳಿಯಿತು, ಅಂದ್ರೆ ಟ್ಯೂನ್ ಸರಿಯಾಯಿತು. ಈ ಡಿಪ್ ನೋಡೋಕೇ ತಾನೇ ಇಷ್ಟೆಲ್ಲ ಮಾಡಿದ್ದು!

ಆಂಟೆನಾ ಕಡೆಗೆ ಸಿಗ್ನಲ್ಲನ್ನಷ್ಟೇ ಬಿಟ್ಟು ಡಿಸಿ ತಡೆಯೋ ಬ್ಲಾಕಿಂಗ್ ಕಂಡೆನ್ಸರನ್ನೂ ಬದಲಿಸಿದೆ. ಅದು ಶಾರ್ಟ್ ಆದರೆ 600 ವೋಲ್ಟ್ ಸೀದಾ ಹಿತ್ತಲಿನ ತಂತಿಗೆ ಬರುತ್ತೆ, ಅಲ್ಲಿ ಬಟ್ಟೆ ಒಣಹಾಕ್ತಾರೆ. ಔಟ್‌ಪುಟ್ಟಿನಿಂದ ಚಾಸಿಗೆ ಒಂದು ಆರ್‌ಎಫ್ ಚೋಕ್ (ಸಿಗ್ನಲ್ ತಡೆದು ಡಿಸಿ ಬಿಡೋ ಸುರುಳಿ) ಸೇರಿಸಿದ್ದೀನಿ, ಹಾಗೇನಾದರೂ ಆದರೆ ಫ್ಯೂಸು ಹೋಗಲಿ ಅಂತ.

ನನ್ನ ಹತ್ತಿರ ಲೈಸೆನ್ಸ್ ಇದೆ, ಹಾಗಾಗಿ ಗಾಳಿಗೆ ಬಿಡಬಹುದು. ಆದರೆ 7 ಮೆಗಾಹರ್ಟ್ಜ್ (ಅದೇ 40 ಮೀಟರ್ ಬ್ಯಾಂಡು) ಡೈಪೋಲ್ ಆಂಟೆನಾಕ್ಕೆ ಸುಮಾರು 20 ಮೀಟರ್ ತಂತಿ ಬೇಕು, ನಮ್ಮ ಹಿತ್ತಲು 14 ಮೀಟರ್. ಪಕ್ಕದ ಮನೆಯವರ ಮಾವಿನ ಮರ ಕೇಳಬೇಕು. ಮಳೆ ನಿಲ್ಲಲಿ ಅಂತ ಕಾಯ್ತಿದ್ದೀನಿ.