ಪ್ಲಾನಿತ್ಸಾ: ಸೀಸನ್ ಮುಗಿಯೋ ಕಣಿವೆ

ಪ್ಲಾನಿತ್ಸಾ ಊರಲ್ಲ, ಕಣಿವೆ. ಸ್ಲೊವೇನಿಯಾ ದೇಶದ ವಾಯವ್ಯ ಮೂಲೆಯಲ್ಲಿ, ಜೂಲಿಯನ್ ಆಲ್ಪ್ಸ್ ಬುಡದಲ್ಲಿದೆ. ಹತ್ತಿರದ ಹಳ್ಳಿ ರಾತೇಚೆ. ಅಲ್ಲಿಂದ ಪಶ್ಚಿಮಕ್ಕೆ ಸ್ವಲ್ಪ ಹೋದರೆ ಇಟಲಿ, ಉತ್ತರದ ಗುಡ್ಡ ಹತ್ತಿ ಇಳಿದರೆ ಆಸ್ಟ್ರಿಯಾ. ಮಾರ್ಚ್ ಕೊನೆ ಬಂತೆಂದರೆ ಸ್ಕೀ ಜಂಪಿಂಗ್, ಅಂದರೆ ಕಾಲಿಗೆ ಸ್ಕೀ ಕಟ್ಟಿ ಹಿಮದ ಇಳಿಜಾರಿನಿಂದ ದೂರ ಹಾರುವ ಆಟದ ಹುಚ್ಚಿರುವವರೆಲ್ಲ ಇಲ್ಲಿಗೆ ಬಂದು ಸೇರುತ್ತಾರೆ. 2025ರಲ್ಲಿ ನಾವೂ ಹೋಗಿದ್ದೆವು. ನಾವು ಅಂದರೆ ನಾನು ಮತ್ತು ಹಾಸನದ ಕಡೆಯ ಒಬ್ಬ ಗೆಳೆಯ, ಇಬ್ಬರೂ ಮ್ಯೂನಿಕ್‌ನಲ್ಲಿ ಕೆಲಸ ಮಾಡುವವರು.

ಮ್ಯೂನಿಕ್‌ನಲ್ಲಿ ಒಂದೆರಡು ಚಳಿಗಾಲ ಕಳೆದರೆ ಈ ಆಟ ತಾನಾಗೇ ತಲೆಗೆ ಹತ್ತುತ್ತೆ. ಹೊರಗೆ ಮಧ್ಯಾಹ್ನ ನಾಲ್ಕೂವರೆಗೇ ಕತ್ತಲು, ಟಿವಿ ಹಾಕಿದರೆ ಯಾರೋ ಒಬ್ಬರು ಬೆಟ್ಟದಿಂದ ಹಾರುತ್ತಾ ಇರುತ್ತಾರೆ. ಈ ಆಟದ ವಿಶ್ವಕಪ್ ಅಂದರೆ ಚಳಿಗಾಲವಿಡೀ ಬೇರೆ ಬೇರೆ ಊರುಗಳಲ್ಲಿ ನಡೆದು, ಪಾಯಿಂಟ್ಸ್ ಕೂಡಿಸಿ ಗೆದ್ದವರನ್ನು ಹೇಳುವ ಸರಣಿ. ಆ ಸೀಸನ್ ನವೆಂಬರ್‌ನಲ್ಲಿ ನಾರ್ವೆಯ ಲಿಲ್ಲೆಹ್ಯಾಮರ್‌ನಲ್ಲಿ ಶುರುವಾದಾಗ ನಮ್ಮ ಆಫೀಸಿನ ಜರ್ಮನ್ನರ ಖುಷಿ ನೋಡಬೇಕಿತ್ತು. ಪಿಯುಸ್ ಪಾಶ್ಕೆ, 34 ವರ್ಷದ ಮನುಷ್ಯ, ಈ ಆಟದ ಲೆಕ್ಕದಲ್ಲಿ ಹಿರಿಯರ ಸಾಲಿನವನೇ, ಕ್ರಿಸ್‌ಮಸ್ ಬರುವ ಮೊದಲೇ ಐದು ಸ್ಪರ್ಧೆ ಗೆದ್ದುಬಿಟ್ಟ. ಪಾಯಿಂಟ್ಸ್‌ನಲ್ಲಿ ಮುಂದಿರುವವನು ಹಾಕುವ ಹಳದಿ ಬಿಬ್ ಅವನ ಮೈಮೇಲೇ ಇತ್ತು. ಹೊಸವರ್ಷದ ಆಸುಪಾಸಿನಲ್ಲಿ ಜರ್ಮನಿ, ಆಸ್ಟ್ರಿಯಾದ ನಾಲ್ಕು ಊರುಗಳಲ್ಲಿ ನಡೆಯುವ ನಾಲ್ಕು ಬೆಟ್ಟಗಳ ಟೂರ್ನಮೆಂಟ್ ಈ ಸಲ ನಮ್ಮದೇ ಅಂತ ಎಲ್ಲರೂ ಬೀಗಿದರು. ಜರ್ಮನ್ನರಿಗೆ ಅದು ಹಳೇ ಗಾಯ. 2002ರಲ್ಲಿ ಸ್ವೆನ್ ಹಾನವಾಲ್ಡ್ ನಾಲ್ಕಕ್ಕೆ ನಾಲ್ಕೂ ಗೆದ್ದ, ಆಮೇಲೆ ಒಬ್ಬ ಜರ್ಮನ್ನನಿಗೂ ಅದು ಒಲಿದಿಲ್ಲ.

ಜನವರಿ 6ಕ್ಕೆ ಆಸ್ಟ್ರಿಯಾದ ಬಿಷೊಫ್ಸ್‌ಹೋಫೆನ್‌ನಲ್ಲಿ ಟೂರ್ನಮೆಂಟ್ ಮುಗಿಯುವ ಹೊತ್ತಿಗೆ ಮೊದಲ ಮೂರೂ ಜಾಗ ಆಸ್ಟ್ರಿಯಾದವರಿಗೆ. ದಾನಿಯೆಲ್ ಚೋಫೆನಿಗ್, ಯಾನ್ ಹೊರ್ಲ್, ಸ್ಟೆಫಾನ್ ಕ್ರಾಫ್ಟ್. ಕೊನೆಯ ಜಂಪ್‌ಗೆ ಮುಂಚೆ ಕ್ರಾಫ್ಟ್ ಮುಂದಿದ್ದ, ಆದರೆ ಗಾಳಿ ಸರಿಯಿಲ್ಲ ಅಂತ ಅವನನ್ನು ಮೇಲೇ ಕಾಯಿಸಿದರು. ಕಾದು ಕಾದು ಹಾರಿದ, ಸೋತ. ಚೋಫೆನಿಗ್ ಗೆದ್ದಿದ್ದು ಹೊರ್ಲ್‌ಗಿಂತ 1.4 ಪಾಯಿಂಟ್ ಮುಂದೆ. ಅಲ್ಲಿ ಒಂದು ಮೀಟರ್‌ಗೆ 1.8 ಪಾಯಿಂಟ್, ಅಂದರೆ ನಾಲ್ಕು ಊರು, ಎಂಟು ಜಂಪ್ ಎಲ್ಲಾ ಸೇರಿ ವ್ಯತ್ಯಾಸ ಒಂದು ಮೀಟರೂ ಇಲ್ಲ. ಮಾರನೇ ದಿನ ಕಾಫಿ ಮೆಷಿನ್ ಹತ್ತಿರ ನಮ್ಮವರು ಆಟದ ಮಾತೇ ಎತ್ತಲಿಲ್ಲ.

ಚೋಫೆನಿಗ್‌ನ ಊರಿನ ಕಡೆಯಿಂದಲೇ ನಮ್ಮ ದಾರಿ. ಮ್ಯೂನಿಕ್ ಬಿಟ್ಟು ಸಾಲ್ಸ್‌ಬುರ್ಗ್, ಅಲ್ಲಿಂದ ಟೌವರ್ನ್ ಸುರಂಗ, ಅದಕ್ಕೆ ಟೋಲ್ ಬೇರೆ. ಆಮೇಲೆ ಫಿಲ್ಲಾಖ್. ಫಿಲ್ಲಾಖ್ ದಾಟಿದ ಮೇಲೆ ಎಡಕ್ಕೆ ತಿರುಗಿ ವುರ್ಟ್ಸೆನ್ ಘಾಟಿ ಹತ್ತಬಹುದು, ಆದರೆ ಆ ಏರು ನಮ್ಮ ಆಗುಂಬೆಗಿಂತ ಕಡಿದು, ಹಿಮ ಬಿದ್ದಿದ್ದರೆ ಬೇಡ ಅಂತ ಗೆಳೆಯ ಹಟ ಹಿಡಿದ. ಹಾಗಾಗಿ ನೇರ ಇಟಲಿ ಕಡೆ ಹೋದೆವು. ಗಡಿಗೆ ಸ್ವಲ್ಪ ಮುಂಚೆ ಹೋಹೆನ್‌ಥುರ್ನ್ ಅಂತ ಚಿಕ್ಕ ಊರು, ಚೋಫೆನಿಗ್ ಅಲ್ಲಿಯ ಹುಡುಗ. ಆ ಕಣಿವೆಯಲ್ಲಿ ಜರ್ಮನ್ ಜೊತೆ ಸ್ಲೊವೀನ್ ಮಾತನಾಡುವ ಜನರೂ ಇದ್ದಾರೆ, ಅಲ್ಲಿಂದ ಪ್ಲಾನಿತ್ಸಾಗೆ ಗುಡ್ಡ ಒಂದೇ ಅಡ್ಡ. ವರ್ಷವಿಡೀ ಜಪಾನ್, ಅಮೆರಿಕ, ನಾರ್ವೆ ಅಂತ ಸುತ್ತಿದ ಹುಡುಗನಿಗೆ ಸೀಸನ್‌ನ ಕೊನೆಯ ಬೆಟ್ಟ ಪಕ್ಕದ ಬೀದಿಯಲ್ಲಿದ್ದ ಹಾಗೆ. ಇಟಲಿಯ ತಾರ್ವಿಸಿಯೋದಲ್ಲಿ ಒಂದು ಎಸ್‌ಪ್ರೆಸೋ ಕುಡಿದು, ಪುಟ್ಟ ರಸ್ತೆ ಹಿಡಿದು ರಾತೇಚೆ ಮುಟ್ಟಿದೆವು.

ಕಾರು ದೂರದಲ್ಲೇ ಬಿಟ್ಟು ಉಳಿದ ದಾರಿ ಕಾಲ್ನಡಿಗೆ. ನಿಜ ಹೇಳಬೇಕೆಂದರೆ ಅರ್ಧ ಮಜಾ ಆ ನಡಿಗೆಯಲ್ಲೇ ಇದೆ. ಮುಂದೆ ಹಿಂದೆ ಎಲ್ಲಾ ಬಾವುಟ. ಅಜ್ಜ, ಅಜ್ಜಿ, ಭುಜದ ಮೇಲೆ ಕೂತ ಕೂಸು, ಕೆನ್ನೆಗೆ ಬಣ್ಣ ಬಳಿದ ಕಾಲೇಜು ಹುಡುಗರು, ತುತ್ತೂರಿ ಊದುತ್ತಾ ಬರುವ ಪೋಲೆಂಡಿನವರು. ಆಡಮ್ ಮಾವಿಶ್ ಅನ್ನೋನು ನಾಲ್ಕು ಸಲ ವಿಶ್ವಕಪ್ ಗೆದ್ದು ಪೋಲೆಂಡಿಗೆ ಈ ಆಟದ ಹುಚ್ಚು ಹಿಡಿಸಿ ಹೋದ, ಅದು ಇನ್ನೂ ಇಳಿದಿಲ್ಲ. ಒಂದು ಕಡೆ ಅಕಾರ್ಡಿಯನ್ ಪೋಲ್ಕಾ, ಇನ್ನೊಂದು ಕಡೆ ಬಿಸಿ ವೈನ್ ಘಮ, ಹೊಗೆಯಾಡುವ ಕ್ರಾನ್ಯ ಸಾಸೇಜು. ನನ್ನಂಥ ಸಸ್ಯಾಹಾರಿಗೆ ಸಿಕ್ಕಿದ್ದು ಶ್ಟ್ರುಕ್ಲಿ. ತೆಳ್ಳಗೆ ಲಟ್ಟಿಸಿದ ಹಿಟ್ಟಿನೊಳಗೆ ಮೊಸರಿನ ಗಿಣ್ಣು ಇಟ್ಟು ಸುತ್ತಿ ಬೇಯಿಸಿದ್ದು, ಮೇಲೆ ಬೆಣ್ಣೆಯಲ್ಲಿ ಹುರಿದ ಬ್ರೆಡ್ ಪುಡಿ. ಚೆನ್ನಾಗಿತ್ತು. ಗೆಳೆಯ ಮಾತ್ರ ಬ್ಯಾಗಿನಿಂದ ಪುಳಿಯೋಗರೆ ಡಬ್ಬಿ ತೆಗೆದು, "ಹಿಮದಲ್ಲಿ ನಿಂತು ಇದನ್ನ ತಿನ್ನೋ ಸುಖ ನಿಂಗೇನ್ ಗೊತ್ತು ಗುರು" ಅಂದ.

ಮರಗಳ ಮಧ್ಯೆ ತಿರುವು ಮುಗಿದ ತಕ್ಷಣ ಬೆಟ್ಟ ಕಾಣುತ್ತೆ. ಹಾರೋದಕ್ಕೆ ಅಂತ ಕಟ್ಟಿದ ಇಳಿಜಾರಿಗೆ ಈ ಆಟದಲ್ಲಿ ಬೆಟ್ಟ ಅಂತಲೇ ಹೆಸರು. ಲೆತಾಲ್ನಿತ್ಸಾ ಅಂತ ಅದರ ಹೆಸರು, ಗೋರಿಷೆಕ್ ಸಹೋದರರಾದ ವ್ಲಾದೋ ಮತ್ತು ಯಾನೆಜ್ ಕಟ್ಟಿದ್ದು, 1969ರಲ್ಲಿ ಶುರುವಾಯಿತು, 2015ರಲ್ಲಿ ನವೀಕರಿಸಿದರು. ಟಿವಿಯಲ್ಲಿ ಯಾವತ್ತೂ ಗೊತ್ತಾಗದ ವಿಷಯ ಒಂದಿದೆ, ಅದೇ ಇದರ ಅಳತೆ. ಕೆಳಗೆ ನಿಂತು ಕತ್ತು ಹಿಂದಕ್ಕೆ ಬಾಗಿಸಿದರೆ ಮೇಲೆ ಗೇಟಿನ ಮೇಲೆ, ಅಂದರೆ ಜಾರುವ ಮುಂಚೆ ಕೂರುವ ಅಡ್ಡಪಟ್ಟಿಯ ಮೇಲೆ, ಕೂತವನು ಒಂದು ಚುಕ್ಕಿ. ಆ ಚುಕ್ಕಿಯ ಮುಂದೆ ದೀಪ ಹಸಿರಾಗಬೇಕು, ಪಕ್ಕದ ಕಟ್ಟೆಯ ಮೇಲೆ ನಿಂತ ಕೋಚ್ ಗಾಳಿ ನೋಡಿ ಬಾವುಟ ಕೆಳಗೆ ಬೀಸಬೇಕು, ಆಗ ಅವನು ಜಾರುತ್ತಾನೆ. ತುದಿ ಮುಟ್ಟುವಾಗ ವೇಗ ಗಂಟೆಗೆ 100 ಕಿಲೋಮೀಟರ್ ಮೇಲೆ. ಆ ತುದಿ ಮೇಲಕ್ಕೆ ಎತ್ತಿದ ಹಾಗೆ ಇರುತ್ತೆ ಅಂದುಕೊಂಡಿರುತ್ತೇವೆ, ಅಲ್ವಾ? ಇಲ್ಲ, ಅದು ಕೆಳಕ್ಕೇ ಬಾಗಿರುತ್ತೆ. ಮೇಲಕ್ಕೆ ಚಿಮ್ಮುವುದೆಲ್ಲ ಕಾಲಿನ ಬಲ.

ಇನ್ನೊಂದು ವಿಷಯ ಸದ್ದು. ಪಕ್ಕದಲ್ಲಿ ಹಾರಿಹೋದಾಗ ಸುಂಯ್ ಅಂತ ಒಂದು ಶಬ್ದ ಬರುತ್ತೆ, ಹಾರಾಟದ ಆ ಎಂಟು ಸೆಕೆಂಡ್ ಅದು ನಿಲ್ಲುವುದೇ ಇಲ್ಲ. ಗಾಳಿಯನ್ನು ಸೀಳುವ ಸ್ಕೀ, ಪಟಪಟ ಅನ್ನುವ ಬಟ್ಟೆ. ಅವರೇನೂ ಆಕಾಶದಲ್ಲಿ ತೇಲುವುದಿಲ್ಲ, ಇಳಿಜಾರಿನ ಮೇಲೆ ಕೆಲವೇ ಮೀಟರ್ ಎತ್ತರದಲ್ಲಿ ಹಿಮಕ್ಕೆ ಸಮಾನಾಂತರವಾಗಿ ಜಾರಿಕೊಂಡು ಬರುತ್ತಾರೆ. ಬೆಟ್ಟವೂ ಇಳಿಯುತ್ತೆ, ಅವರೂ ಇಳಿಯುತ್ತಾರೆ. ಸ್ಕೀಗಳು ವಿ ಆಕಾರದಲ್ಲಿ ಬಿಚ್ಚಿರುತ್ತವೆ. ಸ್ವೀಡನ್‌ನ ಯಾನ್ ಬೊಕ್ಲೊವ್ 1980ರ ದಶಕದಲ್ಲಿ ಇದನ್ನು ಶುರು ಮಾಡಿದಾಗ ತೀರ್ಪುಗಾರರು ಚೆಂದ ಇಲ್ಲ ಅಂತ ಅಂಕ ಕತ್ತರಿಸುತ್ತಿದ್ದರು. ಅವನು ಅಷ್ಟು ದೂರ ಹಾರುತ್ತಿದ್ದ, ಕತ್ತರಿಸಿದರೂ 1988-89ರ ವಿಶ್ವಕಪ್ ಗೆದ್ದ. ಇವತ್ತು ಎಲ್ಲರೂ ವಿ.

ಇಲ್ಲಿ ನಿಂತು ನೋಡಿದ ಮೇಲೆ ಮಾರ್ಚ್ ತಿಂಗಳ ಆ ಗಲಾಟೆ ನನಗೆ ಸರಿಯಾಗಿ ಅರ್ಥವಾಯಿತು. ನಾರ್ವೆಯ ಟ್ರೊಂಡ್‌ಹೈಮ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆಯುವಾಗ ಕದ್ದು ತೆಗೆದ ಒಂದು ವಿಡಿಯೋ ಹೊರಬಂತು. ಆತಿಥೇಯ ತಂಡದವರೇ ಆಟಗಾರರ ಸೂಟ್ ಹೊಲಿಯುತ್ತಿದ್ದರು, ಕೋಚ್ ಅಲ್ಲೇ ಇದ್ದ. ಪರೀಕ್ಷೆ ಪಾಸಾಗಿ ಗುರುತಿನ ಚಿಪ್ ಹಾಕಿಸಿಕೊಂಡಿದ್ದ ಸೂಟಿನೊಳಗೆ ಗಟ್ಟಿ ದಾರ ಸೇರಿಸಿದ್ದರು. ಏಕೆಂದರೆ ಕಾಲುಗಳ ಮಧ್ಯೆ ಬಟ್ಟೆ ಬಿಗಿಯಾಗಿ ನಿಂತರೆ ಗಾಳಿ ಜಾಸ್ತಿ ಹಿಡಿಯುತ್ತೆ. ಆಷಾಢದಲ್ಲಿ ಗಾಳಿಪಟ ಹಾರಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಸೂತ್ರ ಒಂದು ಬೆರಳು ಆಚೀಚೆ ಆದರೆ ಪಟದ ನಡತೆಯೇ ಬೇರೆ. ಲಾರ್ಜ್ ಹಿಲ್ ಅನ್ನೋ ದೊಡ್ಡ ಬೆಟ್ಟದ ಸ್ಪರ್ಧೆಯಲ್ಲಿ ಎರಡನೇ ಸ್ಥಾನ ಬಂದಿದ್ದ ಮಾರಿಯುಸ್ ಲಿಂಡ್ವಿಕ್ ಅನರ್ಹನಾದ, ಅವನ ಜೊತೆ ಯೊಹಾನ್ ಆಂದ್ರೆ ಫೊರ್‌ಫಾಂಗ್ ಕೂಡ ಅಮಾನತು. ಆಮೇಲೆ ಸೀಸನ್ ಮುಗಿಯುವ ತನಕ ಒಬ್ಬರಿಗೆ ಒಂದೇ ಸೂಟ್, ಅದನ್ನೂ ಸಂಘಟಕರೇ ಬೀಗ ಹಾಕಿ ಇಟ್ಟುಕೊಳ್ಳೋದು ಅಂತ ನಿಯಮ ಬಂತು. ಶಾಲೆ ಮಕ್ಕಳ ಮೊಬೈಲ್ ಇಸ್ಕೊಂಡ ಹಾಗೆ ಅಂತ ಗೆಳೆಯ ನಕ್ಕ.

ನನ್ನ ಅನಿಸಿಕೆ ಕೇಳಿದರೆ, ಆಟವೇ ಇದಕ್ಕೆ ಆಸೆ ಹುಟ್ಟಿಸುತ್ತೆ. ಗಾಳಿ ಎದುರಿಂದ ಬೀಸಿದರೆ ಪಾಯಿಂಟ್ ಕಳೆಯುತ್ತಾರೆ, ಹಿಂದಿನಿಂದ ಬಂದರೆ ಕೂಡುತ್ತಾರೆ. ಗೇಟ್ ಮೇಲೆ ಕೆಳಗೆ ಮಾಡಿದ್ದಕ್ಕೂ ಲೆಕ್ಕ ಇದೆ. ಸ್ಕೀ ಎಷ್ಟು ಉದ್ದ ಇರಬೇಕು ಅನ್ನೋದನ್ನು ಆಟಗಾರನ ಎತ್ತರ ಮತ್ತು ತೂಕ ನೋಡಿ ಹೇಳುತ್ತಾರೆ. ಐದು ತೀರ್ಪುಗಾರರು 20ಕ್ಕೆ ಅಂಕ ಕೊಟ್ಟರೆ ಮೇಲಿನದೊಂದು, ಕೆಳಗಿನದೊಂದು ಬಿಟ್ಟು ಮೂರನ್ನು ಕೂಡುತ್ತಾರೆ. ಇಷ್ಟೆಲ್ಲಾ ಅಳೆದ ಮೇಲೂ ಅಳತೆಗೆ ಸಿಗದೆ ಉಳಿಯೋದು ಬಟ್ಟೆಯೊಳಗಿನ ಒಂದು ಎಳೆ ದಾರ. ಅದಕ್ಕೇ ಕೈ ಹಾಕಿದರು. ತಪ್ಪು ತಪ್ಪೇ. ಪ್ಲಾನಿತ್ಸಾದಲ್ಲಿ ನಾರ್ವೆಯ ಉಳಿದ ಹುಡುಗರು ಹಾರುವಾಗ ಜನ ಏನಾದರೂ ಅಂದಾರು ಅಂತ ಕಾದೆ. ನಮ್ಮ ಸುತ್ತಮುತ್ತ ಯಾರೂ ಏನೂ ಅನ್ನಲಿಲ್ಲ, ಎಲ್ಲರಿಗೂ ಹೊಡೆದ ಹಾಗೆ ಅವರಿಗೂ ಚಪ್ಪಾಳೆ ಹೊಡೆದರು.

ಭಾನುವಾರ, ಮಾರ್ಚ್ 30, ಕೊನೆಯ ಸ್ಪರ್ಧೆ. ಇಡೀ ಸೀಸನ್‌ನ ಮೊದಲ 30 ಜನಕ್ಕೆ ಮಾತ್ರ ಅದರಲ್ಲಿ ಜಾಗ. ದೊಮೆನ್ ಪ್ರೆವ್ಸ್ ಹೆಸರು ಮೈಕಿನಲ್ಲಿ ಬಂದಾಗ ಕಣಿವೆಯೇ ಕಿರುಚಿತು. ಪ್ರೆವ್ಸ್ ಮನೆತನದ ಕಥೆ ಸ್ಲೊವೇನಿಯಾದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ದೊಡ್ಡವನು ಪೆತೆರ್, 2015ರಲ್ಲಿ ಜಗತ್ತಿನಲ್ಲೇ ಮೊದಲು 250 ಮೀಟರ್ ಮುಟ್ಟಿದವನು, ಮುಂದಿನ ಸೀಸನ್‌ನಲ್ಲಿ 15 ಸ್ಪರ್ಧೆ ಗೆದ್ದು ವಿಶ್ವಕಪ್ ಎತ್ತಿದ, 2024ರಲ್ಲಿ ಇದೇ ಬೆಟ್ಟದಲ್ಲಿ ನಿವೃತ್ತಿಯಾದ. ನಡುವಿನವನು ತ್ಸೆನೆ, ಅವನೂ ಹಾರುತ್ತಿದ್ದ. ತಂಗಿ ನಿಕಾ ಆ ಸೀಸನ್‌ನಲ್ಲಿ ಮತ್ತೆ ಮಹಿಳೆಯರ ವಿಶ್ವಕಪ್ ಗೆದ್ದು, ಮಾರ್ಚ್‌ನಲ್ಲಿ ನಾರ್ವೆಯ ವಿಕೆರ್‌ಸುಂಡ್‌ನಲ್ಲಿ 236 ಮೀಟರ್ ಹಾರಿ ಮಹಿಳೆಯರ ದಾಖಲೆ ಮಾಡಿದ್ದಳು. ಟ್ರೊಂಡ್‌ಹೈಮ್‌ನ ಲಾರ್ಜ್ ಹಿಲ್ ಚಿನ್ನ ದೊಮೆನ್‌ದೇ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಅವನು ಗೇಟಿಗೆ ಬಂದ ಕೂಡಲೇ ಕಣ್ಣು ಮುಚ್ಚಿಕೊಂಡರು. ಯಾಕೆ ಅಂತ ಸನ್ನೆಯಲ್ಲಿ ಕೇಳಿದರೆ, ತಲೆ ಮುಂದಕ್ಕೆ ಚಾಚಿ, ಎರಡೂ ಅಂಗೈ ಕಿವಿಯ ಆಚೀಚೆ ಹಿಡಿದು ತೋರಿಸಿದರು. ಹೌದು, ಅವನು ಹಾರುವುದು ಹಾಗೇ. ಬೇರೆಯವರು ಸ್ಕೀ ಮೇಲೆ ಒರಗಿದ ಹಾಗೆ ಕಂಡರೆ, ಇವನ ಮುಖ ಎರಡು ಸ್ಕೀಗಳ ನಡುವೆಯೇ ಇರುತ್ತೆ, ನೋಡುವವರ ಎದೆ ಧಸಕ್ ಅನ್ನುತ್ತೆ.

ಚಿಮ್ಮಿದ. ಇಳಿಯಬೇಕಾದ ಜಾಗ ಬಂತು, ಇಳಿಯಲಿಲ್ಲ. ಹಿಮದ ಮೇಲಿನ ಗೆರೆಗಳನ್ನೆಲ್ಲ ದಾಟಿ ಇಳಿಜಾರು ಸಪಾಟಾಗುವ ಕಡೆಗೇ ಬರುತ್ತಿದ್ದಾನೆ, ಇಲ್ಲಿ ಕಾಲೂರಿದರೆ ಮಂಡಿಯ ಗತಿಯೇನು ಅಂತ ನಾನು ಯೋಚಿಸುವಷ್ಟರಲ್ಲಿ ಕಾಲೂರಿದ, ನಿಂತ. ಒಂದು ಕ್ಷಣ ಯಾರಿಗೂ ಏನು ಮಾಡಬೇಕೋ ತೋಚಲಿಲ್ಲ. ಆಮೇಲೆ ಬೋರ್ಡಿನಲ್ಲಿ 254.5. ಹಳೆಯ ದಾಖಲೆ 253.5, ಸ್ಟೆಫಾನ್ ಕ್ರಾಫ್ಟ್ 2017ರಲ್ಲಿ ವಿಕೆರ್‌ಸುಂಡ್‌ನಲ್ಲಿ ಹಾರಿದ್ದು. ಎಂಟು ವರ್ಷ ಅಲ್ಲಾಡದ ದಾಖಲೆ ಒಂದು ಮೀಟರಿನಲ್ಲಿ ಹೋಯಿತು. ಅಜ್ಜಿ ಕಣ್ಣು ಬಿಟ್ಟವರೇ ನನ್ನ ಗೆಳೆಯನನ್ನು ತಬ್ಬಿಕೊಂಡರು, ಅವನ ಕೈಯಲ್ಲಿದ್ದ ಟೀ ಪೂರ್ತಿ ನನ್ನ ಜಾಕೆಟ್ ಮೇಲೆ.

ಈ ಕಣಿವೆಗೆ ಇದೆಲ್ಲ ಹೊಸದೂ ಅಲ್ಲ. ಮನುಷ್ಯ ಮೊದಲ ಸಲ 100 ಮೀಟರ್ ದಾಟಿದ್ದು ಇಲ್ಲಿಯೇ, 1936ರಲ್ಲಿ ಆಸ್ಟ್ರಿಯಾದ ಸೆಪ್ ಬ್ರಾಡ್ಲ್, 101.5. ಬೀಳದೆ 200 ದಾಟಿದ್ದೂ ಇಲ್ಲಿಯೇ, 1994ರಲ್ಲಿ ಫಿನ್‌ಲ್ಯಾಂಡಿನ ತೋನಿ ನಿಯೆಮಿನೆನ್, 203. 2024ರಲ್ಲಿ ಜಪಾನಿನ ರ್‍ಯೋಯು ಕೊಬಯಾಶಿ ಐಸ್‌ಲ್ಯಾಂಡಿನಲ್ಲಿ ಅದಕ್ಕೆಂದೇ ಕಟ್ಟಿದ ಬೆಟ್ಟದಿಂದ 291 ಮೀಟರ್ ಹಾರಿದ, ಆದರೆ ಅದು ಸ್ಪರ್ಧೆಯಲ್ಲ, ದಾಖಲೆ ಪುಸ್ತಕಕ್ಕೆ ಸೇರಲಿಲ್ಲ. ಇಲ್ಲಿಯ ಜನಕ್ಕೆ ಆ 291ರ ಮಾತು ತೆಗೆದರೆ ಸುಮ್ನೆ ಭುಜ ಕುಣಿಸುತ್ತಾರೆ.

ಕೊನೆಗೆ ಇಡೀ ಸೀಸನ್‌ನ ವಿಶ್ವಕಪ್ ಗೆದ್ದ ಚೋಫೆನಿಗ್‌ಗೆ ಕ್ರಿಸ್ಟಲ್ ಗ್ಲೋಬ್ ಕೊಟ್ಟರು. ಇಪ್ಪತ್ಮೂರರ ಹುಡುಗ, ಗಾಜಿನ ಗೋಳ ಎತ್ತಿದ, ಜನ ಚಪ್ಪಾಳೆ ತಟ್ಟಿದರು, ಆದರೆ ಬಾಯಲ್ಲೆಲ್ಲ ದೊಮೆನ್ ಹೆಸರೇ. ಸ್ವಲ್ಪ ಪಾಪ ಅನಿಸಿತು. ನಾಲ್ಕು ತಿಂಗಳ ಲೆಕ್ಕದಲ್ಲಿ ಗೆದ್ದವನು ಅವನು, ಆದರೂ ಎಲ್ಲರ ಕಣ್ಣಲ್ಲಿ ಉಳಿದಿದ್ದು ದೊಮೆನ್ ಹಾರಿದ ಎಂಟು ಸೆಕೆಂಡು.

ಹೋಗುವ ಮನಸ್ಸಿದ್ದವರಿಗೆ ಒಂದೆರಡು ಮಾತು. ಹತ್ತಿರದ ಊರು ಕ್ರಾನ್ಸ್ಕಾ ಗೋರಾದಲ್ಲಿ ರೂಮು ಬೇಕಾದರೆ ಹಿಂದಿನ ವರ್ಷವೇ ನೋಡಿಕೊಳ್ಳಿ, ನಮಗೆ ಸಿಕ್ಕಿದ್ದು ಇಟಲಿ ಕಡೆ, ಅದೂ ದುಬಾರಿ. ನಾವು ಹೋದ ದಾರಿಯಲ್ಲಿ ಸ್ಲೊವೇನಿಯಾದ ಹೆದ್ದಾರಿ ಸಿಗುವುದೇ ಇಲ್ಲ, ಆ ಸುರಂಗದ ಟೋಲ್ ಬಿಟ್ಟರೆ ಆಸ್ಟ್ರಿಯಾದ ವಿನ್ಯೆಟ್, ಅಂದರೆ ಹೆದ್ದಾರಿ ಶುಲ್ಕದ ಸ್ಟಿಕ್ಕರ್, ಇದ್ದರೆ ಸಾಕು. ಮಧ್ಯಾಹ್ನದ ಹೊತ್ತಿಗೆ ಹಿಮ ಕರಗಿ ನೆಲವೆಲ್ಲ ಕೆಸರಾಗುತ್ತೆ, ಒಳ್ಳೇ ಬೂಟು ಹಾಕಿಕೊಳ್ಳಿ. ಸಣ್ಣ ಮಕ್ಕಳಿದ್ದರೆ ಪಕ್ಕದ ನಾರ್ಡಿಕ್ ಸೆಂಟರ್‌ಗೆ ಕರೆದುಕೊಂಡು ಹೋಗಿ, ಮ್ಯೂಸಿಯಂ ಇದೆ, ಹತ್ತಿರದಲ್ಲೇ ಮಕ್ಕಳಿಗಂತಲೇ ಪುಟ್ಟ ಪುಟ್ಟ ಹಿಲ್‌ಗಳಿವೆ. ಭಾನುವಾರ ಸ್ಪರ್ಧೆ ಮುಗಿದ ಕೂಡಲೇ ಹೊರಡಬೇಡಿ, ರಾತೇಚೆ ತನಕ ಕಾರುಗಳ ಸಾಲು ಅಲ್ಲಾಡುವುದಿಲ್ಲ. ಇನ್ನೊಂದು ಪ್ಲೇಟ್ ಶ್ಟ್ರುಕ್ಲಿ ತಿಂದು ನಿಧಾನಕ್ಕೆ ಹೊರಡಿ.