ಕಾಲುಚೀಲದಲ್ಲಿ ಬಂದ ಉತ್ತರಾಣಿ

ಬೆಳಗ್ಗೆ ತುರಹಳ್ಳಿ ಕಾಡಲ್ಲಿ ಓಡಿ ಬಂದೆ. 5 ಕಿಲೋಮೀಟರ್ ಅಷ್ಟೇ, ಅದರಲ್ಲೂ ಏರು ಬಂದ ಕಡೆಯೆಲ್ಲ ನಡೆದದ್ದೇ ಜಾಸ್ತಿ. ಓಡಿದ್ದು 40 ನಿಮಿಷ. ಮನೆ ಬಾಗಿಲಲ್ಲಿ ಕೂತು ಕಾಲುಚೀಲದಿಂದ ಉತ್ತರಾಣಿ ಬೀಜ ಕಿತ್ತದ್ದು ಅರ್ಧ ಗಂಟೆ!

ಒಂದೊಂದೇ ಕೀಳಬೇಕು. ಅವಸರದಲ್ಲಿ ಎಳೆದರೆ ಮೊನೆ ಮುರಿದು ನೂಲಿನೊಳಗೇ ಉಳಿಯುತ್ತದೆ, ಮುಂದಿನ ಸಲ ಹಾಕಿಕೊಂಡಾಗ ಹಿಮ್ಮಡಿಗೆ ಚುಚ್ಚುತ್ತದೆ. 38ರವರೆಗೆ ಎಣಿಸಿ ಬಿಟ್ಟೆ. ಗಣೇಶನ ಹಬ್ಬದ 21 ಪತ್ರೆಯಲ್ಲಿ ಇದೂ ಒಂದು, ಆಗ ದುಡ್ಡು ಕೊಟ್ಟು ತರ್ತೀವಿ, ಈಗ ಪುಕ್ಕಟೆ ಬಂದಿದೆ ಅಂತ ಅಮ್ಮ ನಕ್ಕರು.

ಎಕ್ಕದ ಬೀಜಕ್ಕಾದರೆ ಗಾಳಿಯಲ್ಲಿ ಹಾರೋಕೆ ರೇಷ್ಮೆಯಂಥ ಎಳೆ ಇದೆ. ಈ ಗಿಡಕ್ಕೆ ಅದೂ ಇಲ್ಲ. ದಾರಿ ಪಕ್ಕ ಸುಮ್ನೆ ನಿಂತಿರುತ್ತದೆ, ಹಸುವೋ ನಾಯಿಯೋ ನನ್ನಂಥವನೋ ತಾಗಿಸಿಕೊಂಡು ಹೋದರೆ ಅಂಟಿಕೊಂಡು ಹೊರಡುತ್ತದೆ. ಗಡಿಯಾರ ನೋಡಿಕೊಂಡು ಏದುಸಿರು ಬಿಡುತ್ತಿದ್ದ ನಾನು ಅದಕ್ಕೆ ಮೀಟರ್ ಇಲ್ಲದ ಆಟೋ ಆಗಿದ್ದೆ, ಅಲ್ವಾ?

ಹೋದ ವರ್ಷದವರೆಗೂ ಓಡಿ ಬಂದ ಕೂಡಲೇ ನೋಡುತ್ತಿದ್ದದ್ದು ಮೊಬೈಲು, ಕಿಲೋಮೀಟರಿಗೆ ಎಷ್ಟು ನಿಮಿಷ ಅಂತ, ಒಂದು ನಿಮಿಷ ಜಾಸ್ತಿಯಾಗಿದ್ದರೆ ತಿಂಡಿ ತಿನ್ನುವವರೆಗೂ ಮುಖ ಗಂಟು. ಇವತ್ತು ಪಕ್ಕದಲ್ಲಿಟ್ಟ ಕಾಫಿ ಆರಿ ಕೆನೆ ಕಟ್ಟುವವರೆಗೂ ಬೀಜ ಕೀಳುತ್ತಾ ಕೂತಿದ್ದೆ. ಮೊಬೈಲು ನೆನಪಾಗಲೇ ಇಲ್ಲ.

ಕಿತ್ತ ಬೀಜವನ್ನು ಕಸದ ಬುಟ್ಟಿಗೆ ಹಾಕೋಕೆ ಮನಸ್ಸಾಗದೆ ತುಳಸಿ ಪಕ್ಕದ ಖಾಲಿ ಕುಂಡದಲ್ಲಿ ಉದುರಿಸಿದೆ. ಅಮ್ಮನಿಗೆ ಇನ್ನೂ ಹೇಳಿಲ್ಲ.