ಅಂಕ ಏರಿತ್ತು, ಆದರೆ ಅದು ದವಡೆಯದ್ದು

ತಲೆಗೆ ಪೆಟ್ಟು ಬಿದ್ದವರ ಗಮನ, ನೆನಪು ಸುಧಾರಿಸಲು ಅಭ್ಯಾಸ ಮಾಡಿಸುವುದು ನನ್ನ ಕೆಲಸ. ಬೆಂಗಳೂರಿನಲ್ಲಿ ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಬೈಕಿನಿಂದ ಬಿದ್ದವರು. ಗಾಯ ಮಾಯ್ದಿರುತ್ತದೆ, ನಡೆಯುತ್ತಾರೆ, ಮಾತಾಡುತ್ತಾರೆ. ನೋಡಿದವರು ‘ಚೆನ್ನಾಗೇ ಇದ್ದಾರಲ್ಲ’ ಅನ್ನುತ್ತಾರೆ. ಕಷ್ಟ ಏನು ಅಂತ ಮನೆಯವರಿಗೆ ಮಾತ್ರ ಗೊತ್ತು.

ಈಗ ಹೇಳುವವರದು ದಿನಸಿ ಅಂಗಡಿ. (ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.) ಹಣೆಯ ಹಿಂದಿನ ಮಿದುಳಿನ ಭಾಗಕ್ಕೆ ಏಟಾಗಿತ್ತು. ಅಪಘಾತವಾಗಿ ವರ್ಷ ಕಳೆದಿತ್ತು. ಗಿರಾಕಿ ಐದು ಸಾಮಾನು ಕೇಳಿದರೆ ಎರಡು ತಂದು ನಿಲ್ಲುತ್ತಿದ್ದರು. ಉಳಿದದ್ದು ಕೇಳಿದರೆ ಸಿಟ್ಟು. ಮಾತ್ರೆ, ಗಮನದ ಅಭ್ಯಾಸ ಎರಡೂ ನಡೆಯುತ್ತಿತ್ತು. ಜೊತೆಗೆ ನ್ಯೂರೋಫೀಡ್‌ಬ್ಯಾಕ್ ಶುರು ಮಾಡಿದೆವು.

ಇದರಲ್ಲಿ ತಲೆಗೆ ಪೇಸ್ಟ್ ಹಚ್ಚಿ ಎಲೆಕ್ಟ್ರೋಡ್ ಅಂಟಿಸುತ್ತೇವೆ. ‘ಕರೆಂಟ್ ಕೊಡ್ತೀರಾ?’ ಅಂತ ಎಲ್ಲರೂ ಹೆದರಿಕೊಂಡೇ ಕೇಳುತ್ತಾರೆ. ಇಲ್ಲ, ಮಿದುಳಿನಿಂದ ಬರುವ ಅಲೆಯನ್ನು ಓದುತ್ತೇವೆ, ಅಷ್ಟೇ. ಮಂಪರಿನಲ್ಲಿ ಜಾಸ್ತಿಯಾಗುವ ನಿಧಾನದ ಥೀಟಾ ಅಲೆ ಸೆಕೆಂಡಿಗೆ 4ರಿಂದ 8 ಸಲ ಏರಿಳಿಯುತ್ತದೆ. ಅದು ಕಡಿಮೆಯಾಗಿ, 15ರಿಂದ 18ರ ವೇಗದ ಬೀಟಾ ಅಲೆ ಹೆಚ್ಚಾದರೆ ಪರದೆಯ ಮೇಲಿನ ಕಾರು ಓಡುತ್ತದೆ, ಅಂಕ ಸಿಗುತ್ತದೆ. ಯಾವ ಸ್ಥಿತಿಯಲ್ಲಿ ಕಾರು ಓಡುತ್ತದೆ ಅನ್ನುವುದನ್ನು ಮಿದುಳು ನಿಧಾನವಾಗಿ ಕಲಿಯಲಿ ಅನ್ನುವುದು ಆಸೆ.

ಹತ್ತನೇ ಸಲದ ಹೊತ್ತಿಗೆ ಅವರ ಅಂಕ ಎಷ್ಟು ಏರಿತ್ತು ಅಂದರೆ, ನಾನು ಗ್ರಾಫ್ ಪ್ರಿಂಟ್ ತೆಗೆದು ಅವರ ಹೆಂಡತಿಗೆ ತೋರಿಸಿದೆ. ಅವರು ಕಾಗದ ನೋಡಿದರು, ನನ್ನನ್ನು ನೋಡಿದರು. “ಮೇಡಂ, ಇಲ್ಲಿ ಏರಿದೆ ಅಂತೀರಿ. ಅಂಗಡೀಲಿ ಇವರು ಹಾಗೇ ಇದ್ದಾರೆ. ಇತ್ತೀಚೆಗೆ ಇಲ್ಲಿಂದ ಬಂದ ದಿನ ತಲೆನೋವು ಬೇರೆ, ಕೆನ್ನೆ ಹಿಡಿದುಕೊಂಡು ಮಲಗಿಬಿಡ್ತಾರೆ.”

ಕೆನ್ನೆ ಯಾಕೆ ಹಿಡಿದುಕೊಳ್ಳಬೇಕು?

ಅವತ್ತು ಸಂಜೆ ಕೂತು ಹಳೆಯ ರೆಕಾರ್ಡಿಂಗ್ ಎಲ್ಲ ತೆರೆದೆ. ಅಂಕ ಬಿಟ್ಟು ಅಲೆಗಳನ್ನೇ ನೋಡಿದೆ. ಅಂಕ ಸಿಕ್ಕ ಕಡೆಯಲ್ಲೆಲ್ಲ ಗೆರೆ ದಪ್ಪಗೆ, ಕಂಬಳಿಹುಳದ ಹಾಗೆ. ಅದು ಸ್ನಾಯುವಿನ ಗುರುತು. ಮಿದುಳಿನ ಅಲೆ ನೆತ್ತಿಯ ಚರ್ಮಕ್ಕೆ ಬರುವಾಗ ಕೆಲವು ಹತ್ತು ಮೈಕ್ರೋವೋಲ್ಟ್ ಮಾತ್ರ (ಒಂದು ಮೈಕ್ರೋವೋಲ್ಟ್ ಅಂದರೆ ವೋಲ್ಟಿನ ಹತ್ತು ಲಕ್ಷದಲ್ಲಿ ಒಂದು ಪಾಲು). ಹಲ್ಲು ಕಚ್ಚಿದರೆ ದವಡೆಯ ಸ್ನಾಯು ಅದನ್ನು ಸುಲಭವಾಗಿ ಮುಳುಗಿಸಿಬಿಡುತ್ತದೆ. ಸ್ನಾಯುವಿನ ಆ ವಿದ್ಯುತ್ ಗದ್ದಲ ಬೀಟಾ ಇರುವ ಜಾಗಕ್ಕೂ ಹರಡಿಕೊಳ್ಳುತ್ತದೆ. ಪಾಪ, ಅವರು ಗುಣವಾಗಲೇಬೇಕು ಅಂತ ಹಲ್ಲು ಕಚ್ಚಿ ಕೂರುತ್ತಿದ್ದರು. ನಾನು ಅದಕ್ಕೇ ಅಂಕ ಕೊಡುತ್ತಿದ್ದೆ.

ಇದನ್ನು ತಡೆಯುವ ವ್ಯವಸ್ಥೆ ಯಂತ್ರದಲ್ಲೇ ಇದೆ. ಸ್ನಾಯು ಬಿಗಿಯಾದರೆ ಅಂಕ ಸಿಗದ ಹಾಗೆ ಮಿತಿ ಇಡಬಹುದು. ಮೊದಲ ವಾರ ಅವರಿಗೆ ಅಂಕವೇ ಸಿಗುತ್ತಿರಲಿಲ್ಲ. ಮುಖ ಬಾಡಿತ್ತು. ಬೇಸರದಿಂದ ಬರುವುದನ್ನೇ ಬಿಟ್ಟಾರು ಅಂತ ನಾನೇ ಆ ಮಿತಿ ಸಡಿಲಿಸಿದ್ದೆ, ಮತ್ತೆ ಬಿಗಿ ಮಾಡಲೇ ಇಲ್ಲ. ಹತ್ತು ದಿನದ ಅವರ ಬಸ್ ಚಾರ್ಜು, ಅಂಗಡಿ ಮುಚ್ಚಿದ ನಷ್ಟ ನೆನಪಾಗಿ ಆ ರಾತ್ರಿ ನಿದ್ದೆ ಬರಲಿಲ್ಲ.

ಮಾರನೇ ಸಲ ಇಬ್ಬರನ್ನೂ ಕೂರಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಈ ಹತ್ತನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಮತ್ತೆ ದುಡ್ಡು ತೆಗೆದುಕೊಳ್ಳುವುದಿಲ್ಲ ಅಂದೆ. ಅಂಗಡಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಹಲ್ಲು ಬಿಡಬೇಕು, ಅಲ್ವಾ?” ಅಂದರು. ಈಗ ಯಾರೇ ಬರಲಿ, ಮೊದಲ ದಿನ ಬೇಕಂತಲೇ ಹಲ್ಲು ಕಚ್ಚಿಸಿ, ಹಣೆ ಗಂಟಿಕ್ಕಿಸಿ, ಗೆರೆ ಹೇಗೆ ದಪ್ಪವಾಗುತ್ತದೆ ಅಂತ ಅವರಿಗೇ ತೋರಿಸುತ್ತೇನೆ. ಆಮೇಲೆ ‘ಅ’ ಅನ್ನಲು ಹೊರಟ ಹಾಗೆ ಬಾಯಿ ಸಡಿಲ ಬಿಡಿ ಅನ್ನುತ್ತೇನೆ.

ಇನ್ನೊಂದು ವಿಷಯವನ್ನೂ ಮನೆಯವರಿಗೆ ಬಿಚ್ಚಿ ಹೇಳುತ್ತೇನೆ. ಮಿದುಳಿಗೆ ಪೆಟ್ಟು ಬಿದ್ದವರಿಗೆ ಈ ತರಬೇತಿ ಎಷ್ಟು ಫಲ ಕೊಡುತ್ತದೆ ಅನ್ನುವುದಕ್ಕೆ ಇರುವ ಅಧ್ಯಯನಗಳಲ್ಲಿ ಹೆಚ್ಚಿನವು ಸಣ್ಣವು. 2009ರಲ್ಲಿ ನಮ್ಮ ನಿಮ್ಹಾನ್ಸ್‌ನಿಂದ ಬಂದ, ಕಲಿಕೆ ಮತ್ತು ನೆನಪು ಸುಧಾರಿಸಿತು ಅನ್ನುವ ವರದಿಯೂ ಒಬ್ಬರೇ ರೋಗಿಯದು. ಪೆಟ್ಟು ಬಿದ್ದ ಮೊದಲ ತಿಂಗಳುಗಳಲ್ಲಿ ಮಿದುಳು ತಾನಾಗಿಯೂ ಚೇತರಿಸಿಕೊಳ್ಳುತ್ತದೆ. ಹಾಗಾಗಿ ಸುಧಾರಿಸಿದ್ದೆಲ್ಲ ಯಂತ್ರದಿಂದ ಅಂತ ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ.

ಅದಕ್ಕೇ ಗ್ರಾಫಿನ ಜೊತೆ ಒಂದು ನೋಟ್‌ಬುಕ್ ಇಟ್ಟೆವು. ಐದು ಸಾಮಾನು ಕೇಳಿದಾಗ ಎಷ್ಟು ತಂದರು ಅಂತ ಹೆಂಡತಿ ದಿನಾ ಸಂಜೆ ಬರೆಯುತ್ತಾರೆ. ಪರದೆಯ ಅಂಕ ಈಗ ಮೊದಲಿನ ಅರ್ಧವೂ ಇಲ್ಲ. ನೋಟ್‌ಬುಕ್ಕಿನಲ್ಲಿ ಎರಡು ಇದ್ದದ್ದು ಮೂರಾಗಿದೆ, ಕೆಲವು ದಿನ ನಾಲ್ಕು. ತಲೆನೋವು ಅಂತ ಮೂರು ವಾರದಿಂದ ಬರೆದಿಲ್ಲ.